ಅಲಿಫ್ ಇತ್ತೇ?

ಮುಹರ್ರಕ್‌ನ ಈ ಮನೆಯಲ್ಲಿ ಸುದ್ದಿ ಓದುವುದಕ್ಕೆ
ಇಬ್ಬರು ಬೇಕು.

ಉಮ್ಮು ಈಸಾಗೆ ಎಂಬತ್ತೋ ಎಂಬತ್ತಮೂರೋ.
ಅರಬಿ ಅವಳ ಹಾಲಿನ ಭಾಷೆ, ಅಕ್ಷರ ಒಂದೂ ಬರದು.
ಮುತ್ತಿಗೆ ಮುಳುಗುವವನ ಮಗಳನ್ನು
ಹಲಗೆಯ ಮುಂದೆ ಯಾರು ಕೂರಿಸಿದ್ದರು?
ನನಗೆ ಅಕ್ಷರ ಉಂಟು, ಅರ್ಥ ಇಲ್ಲ.
ಸಜೀಪದ ಮದರಸದಲ್ಲಿ ಉಸ್ತಾದರ ಬೆತ್ತದ ತುದಿಗೇ ಕಣ್ಣಿಟ್ಟು
ಮೂವತ್ತು ಭಾಗವೂ ಓದಿ ಮುಗಿಸಿದವಳು,
ಒಂದು ಪದದ ಹೊಟ್ಟೆಯಲ್ಲಿ ಏನಿದೆಯೆಂದು ಕೇಳದೆ.

ಆಕೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ
ಟಿವಿಯ ಕೆಳಪಟ್ಟಿ ನೋಡುತ್ತೇನೆ.
ಊರಿನ ಚಾನೆಲ್ಲುಗಳಲ್ಲಿ ಅದು ಬಲದಿಂದ ಎಡಕ್ಕೆ ಓಡುತ್ತಿತ್ತು.
ಇಲ್ಲಿ ಎಡದಿಂದ ಬಲಕ್ಕೆ,
ಭರತದ ಹೊತ್ತಿಗೆ ಹಿಂದಕ್ಕೆ ಹರಿಯುವ ಹೊಳೆಯ ಹಾಗೆ.
ಮದರಸದಲ್ಲಿ ಅಕ್ಷರಕ್ಕೆ ತಲೆಯ ಮೇಲೊಂದು ಗೀಟು, ಕಾಲಡಿಗೊಂದು ಗೀಟು.
ಇಲ್ಲಿ ಎಲ್ಲ ಬೋಳು. ಬಾಯಿ ಎಲ್ಲಿ ತೆರೆಯಬೇಕು,
ಎಲ್ಲಿ ಮುಚ್ಚಬೇಕು, ಹೇಳುವವರಿಲ್ಲ.
ಹಾಗಾಗಿ ಸುಮ್ಮನೆ ಎಸೆಯುತ್ತೇನೆ: ಕತಬ? ಕುತಿಬ? ಕುತುಬ್?
ಆಕೆ ಖರ್ಜೂರದಂತೆ ಬಾಯಲ್ಲಿ ಹೊರಳಿಸಿ
ಒಂದನ್ನು ನುಂಗುತ್ತಾಳೆ, ಉಳಿದದ್ದು ಬೀಜ.

ಮೊದಲ ವಾರ, ಕೆಂಪು ಪಟ್ಟಿ ಬಂದಾಗ, ಚೀರಿದ್ದೆ:
ಆಜಿಲ್! ಆಜಿಲ್!
‘ಹಾಗಾದರೆ ಚಹಾ ತಾ’ ಎಂದಳು.
ಗಂಟಲಿನ ತಳದಿಂದ ಹೊರಟರೆ ಅದು ‘ತುರ್ತು’ ಅಂತೆ,
ನನ್ನ ಹಾಗೆ ಬಾಯಿಂದಲೇ ಹೊರಟರೆ ‘ಆಮೇಲೆ’.
ರಾತ್ರಿ ಹಾಲಿನ ಲೆಕ್ಕದ ಪುಸ್ತಕದಲ್ಲಿ ಎರಡನ್ನೂ ಕನ್ನಡದಲ್ಲಿ ಬರೆದೆ.
ಆಜಿಲ್. ಆಜಿಲ್.
ನಮ್ಮ ಲಿಪಿಗೆ ಆ ಗಂಟಲಿಲ್ಲ.
ನನ್ನ ಹೆಸರೂ ಅಷ್ಟೆ, ಊರಲ್ಲಿ ನೆಬೀಸ, ಇಲ್ಲಿ ತಿದ್ದಿ ನಫೀಸಾ,
ಕಾರ್ಡಿನಲ್ಲಿ ಇನ್ನೊಂದು.

ಕೆಲವು ಪದ ಆಕೆಗೂ ಹೊಳೆಯುವುದಿಲ್ಲ.
ಬರೂಕ್ಸಲ್, ಎನ್ನುತ್ತೇನೆ. ‘ಮೀನೋ?’ ಎನ್ನುತ್ತಾಳೆ.
ಆಗ ನಾವಿಬ್ಬರೂ ಒಂದೇ ಬೆಂಚಿನವರು. ನಗುತ್ತೇವೆ.
ಯಾರೋ ಸತ್ತ ಸುದ್ದಿಯೂ ಇದ್ದಿರಬಹುದು ಅದರಲ್ಲಿ.

ಇವತ್ತು ಅಸರ್ ನಮಾಜು ಮುಗಿದ ಮೇಲೆ
ಮೀಮ್, ನೂನ್, ಗೈನ್, ಲಾಮ್...
ಮನ್... ಮನ್‌ಗ... ಲೂರ್...
ಅಂದಾದ ಮೇಲೆ ಕೇಳಿಸಿತು ನಾನು ಅಂದದ್ದು.
ಮಂಗಳೂರು.

‘ಅದೇನದು?’ ಎಂದಳು.
ಮೊದಲ ಸಲ ಅರ್ಥ ನನ್ನ ಹತ್ತಿರ ಇತ್ತು,
ಹೇಳಲು ಪುರುಸೊತ್ತು ಇರಲಿಲ್ಲ.
ಮುಂಚಿನ ಪದ ಆಗಲೇ ಬಲಗಡೆಯ ಚೌಕಟ್ಟಿನೊಳಗೆ
ಅರ್ಧ ಹೋಗಿಯಾಗಿತ್ತು. ಮೀಮ್. ತ್ವಾ. ರಾ.
‘ಮತರ್ ಅಂದರೆ ಮಳೆ. ಮತಾರ್ ಅಂದರೆ ವಿಮಾನ ಇಳಿಯುವ ಜಾಗ.
ಎಳೆದು ಓದಿದೆಯೋ, ಗಿಡ್ಡ ಓದಿದೆಯೋ?’

ನಡುವೆ ಅಲಿಫ್ ನಿಂತಿತ್ತೇ, ಬೆಂಕಿಕಡ್ಡಿಯಂಥದ್ದು, ಒಂಟಿ?

ಮಳೆಯಾದರೆ ಸರಿ, ಆಟಿ ತಿಂಗಳು, ಹೊಡೆಯಲಿ.
ಪಕ್ಕದ ಮನೆಯ ಡ್ರೈವರ್ ಹಮ್ಮಬ್ಬ
ನಿನ್ನೆ ರಾತ್ರಿ ಹೊರಟ, ನಾನು ಕೊಟ್ಟ ಹಾಲುಪುಡಿಯ ಡಬ್ಬ,
ಮಗಳ ಚಪ್ಪಲಿ ಹೊತ್ತು.

ಈಗ ತೈಲದ ದರ, ಫುಟ್‌ಬಾಲಿನ ಅಂಕ, ಯಾವನೋ ಮಂತ್ರಿಯ ಪ್ರಯಾಣ.
ಸುತ್ತಿಕೊಂಡು ಬರಲೇಬೇಕು ಅದು.
ಫೋನು ಅಡುಗೆಮನೆಯಲ್ಲಿ ಚಾರ್ಜಿಗಿದೆ,
ಎದ್ದರೆ ದಾಟಿಬಿಟ್ಟೀತೆಂದು ಏಳುವುದಿಲ್ಲ.
ಎಣ್ಣೆಗೈ ಆಕೆಯ ಕಾಲ ಮೇಲೆ ನಿಂತೇ ಇದೆ.
ಉಮ್ಮು ಈಸಾ ರಿಮೋಟು ಹುಡುಕಿ ದನಿ ಏರಿಸುತ್ತಾಳೆ, ಇನ್ನೂ ಏರಿಸುತ್ತಾಳೆ,
ಪಟ್ಟಿಗೆ ದನಿ ಇಲ್ಲವೆಂಬುದನ್ನು ಮರೆತು.