ಎರಡು ಕರಿಕಲ್ಲಿನ ನಡುವೆ

ಗೋಕಾಕದ ಆಚೆ ಭರಮಣ್ಣ ಕಡಿಯುವ ಬಾವಿ.
ಮೇಲೂ ಕರಿಕಲ್ಲು, ಕೆಳಗೂ ಕರಿಕಲ್ಲು,
ನಡುವೆ ಮೊಳದಷ್ಟು ಬೂದಿಬಣ್ಣದ ಮಣ್ಣು.
“ಇದ್ರಾಗ ಏನೂ ಇಲ್ರಿ, ಬರೇ ರಾಡಿ” ಅಂದ.
ನಾನು ಚೀಲ ತುಂಬಿಕೊಂಡೆ.

ಬೆಂಕಿ ಹರಿದು, ಆರಿ, ಮತ್ತೆ ಹರಿಯುವ ಮೊದಲು
ಇಲ್ಲೊಂದು ಕೆರೆಯಿತ್ತು.

ರಾತ್ರಿ ಜರಡಿಯಲ್ಲಿ ತೊಳೆದೆ.
ಒದ್ದೆ ಕುಂಚದ ತುದಿಗೆ ಅಂಟಿ ಬಂತು
ರಾಜಗಿರಿ ಕಾಳಿಗಿಂತ ಸಣ್ಣದು,
ಹೆಸರುಕಾಳಿನ ಎರಡು ಬೇಳೆ
ಇನ್ನೂ ಬಿಡದ ಹಾಗೆ.
ಕಾಲಿಲ್ಲ. ಕಾಲು ಕಲ್ಲಾಗುವುದು ಅಪರೂಪ.
ಸಂಧಿಗಾಲಿನ ವಂಶವನ್ನು
ಕಾಲಿಲ್ಲದೆಯೇ ಓದಬೇಕು ನಾನು:
ಸ್ನಾಯು ಕಚ್ಚಿದ ಗುರುತು, ಬೆನ್ನಂಚಿನ ಬಿಜಾಗರಿ,
ಕೂದಲಿದ್ದ ತೂತುಗಳ ಸಾಲು.

ಮರುದಿನ ಭರಮಣ್ಣ
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನಿಂತ.
“ಏಡಿ ಪೈಕಿ ಏನ್ರಿ? ಯಾವಾಗ ಸತ್ತೈತಿ?”

ಸತ್ತದ್ದೇ ಅಲ್ಲವೇನೋ, ಅಂದೆ.
ಬೆಳೆಯಬೇಕೆಂದರೆ ಇವು ಚಿಪ್ಪು ಕಳಚಬೇಕು,
ಹುಟ್ಟಿನಿಂದ ಎಂಟು ಸಲ.
ಇದು ಬಿಗಿಯಾಯಿತೆಂದು ಬಿಚ್ಚಿಟ್ಟ ಅಂಗಿ;
ತೊಟ್ಟವಳು ಈಜಿಕೊಂಡು ಹೋದಳು,
ಮೇಲಿನ ಕಲ್ಲು ಇನ್ನೂ ಬೆಂಕಿಯಾಗಿ ದೂರವಿದ್ದಾಗ.

ಅವ ಗಡ್ಡ ಕೆರೆದುಕೊಂಡ.
“ಹಂಗಾರ ಹುಡುಕ್ರಿ,
ಅದರ ದೊಡ್ಡಂಗಿ ಇಲ್ಲೇ ಎಲ್ಲ್ಯರೆ ಇರತೈತಿ.”

ಚೀಲದಲ್ಲಿ ಇನ್ನೂ ಅರ್ಧ ಮಣ್ಣಿದೆ.