ಎಡ ತಿರುವಿನಲ್ಲಿ ಮಾತ್ರ

ಏರುವಾಗ ಇಲ್ಲ.
ಬೇಲೇಕೇರಿಯಲ್ಲಿ ನಲವತ್ತು ಕ್ರೇಟು ಬಂಗಡೆ ತುಂಬಿ, ಮೇಲೆ ಐಸು ಸುರಿದು
ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವವರೆಗೆ
ಪಿಕಪ್ಪು ತುಟಿ ಬಿಚ್ಚುವುದಿಲ್ಲ.
ಖಾಲಿ ಮಾಡಿ ಇಳಿಯುವಾಗ,
ಅದೂ ಎಡಕ್ಕೆ ತಿರುಗುವಾಗ,
ಬೆನ್ನ ಹಿಂದೆ ಎಲ್ಲೋ ಕೆಳಗೆ
ಸರ್ರ್... ಟಣ್.

ಕ್ರಾಸು ಹೋಗಿದೆ ಅಂದ ವಾಮನ; ಅವನು ಓಡಿಸುವುದು ರಿಕ್ಷಾ.
ಪಟ್ಟಿಯ ಬುಶ್ಶು ಅಂದ ಬಂಕಿನವ, ಕೂತಲ್ಲಿಂದಲೇ.
ರಾತ್ರಿ ಘಟ್ಟದಲ್ಲಿ ಯಾರನ್ನಾದರೂ ಹತ್ತಿಸಿಕೊಂಡೆಯಾ,
ನಿಂಬೆಹಣ್ಣು ಕಟ್ಟು ಅಂದಳು ಅತ್ತೆ.
ಕ್ರಾಸು ಬದಲಿಸಿದೆ. ಬುಶ್ಶು ಬದಲಿಸಿದೆ. ನಿಂಬೆಹಣ್ಣನ್ನೂ ಕಟ್ಟಿದೆ.
ಆರು ಸಾವಿರದ ಮುನ್ನೂರು ರೂಪಾಯಿ, ನಿಂಬೆಯದು ಬಿಟ್ಟು.
ಸರ್ರ್. ಟಣ್.

ಬಾಳೇಗುಳಿ ಕ್ರಾಸಿನಲ್ಲಿ ರುಜಾರ ಮೇಸ್ತನ ಮುಂದೆ ನಿಲ್ಲಿಸಿದರೆ
ಗಾಡಿ ಮಹಾ ಸಂಭಾವಿತ,
ಡಾಕ್ಟರ ಬಾಗಿಲಲ್ಲಿ ಹೊಟ್ಟೆನೋವು ಮರೆತ ಪೋರನ ಹಾಗೆ.
ಅವನು ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ
ತುದಿಯನ್ನು ಅಲ್ಲಿಟ್ಟ, ಇಲ್ಲಿಟ್ಟ, ಕಣ್ಣು ಮುಚ್ಚಿದ.
ಎಡಗಿವಿ ಸತ್ತು ವರ್ಷಗಳಾದವು; ಬಲಗಿವಿಯೊಂದೇ
ಅಂಕೋಲೆಯ ಗಾಡಿಗಳಿಗೆಲ್ಲ ಸಾಕು.
"ಬೇರಿಂಗು ಹೋದ್ರೆ ಒಂದೇ ಸಮ ಅಳ್ತದೆ ಮಾರಾಯ.
ಇದು ಅಳೂದಲ್ಲ. ಒಳಗೆ ಎಂತದೋ ಓಡಾಡ್ತದೆ.
ನಡಿ ಘಟ್ಟಕ್ಕೆ."

ಘಟ್ಟದ ತಲೆಯಿಂದ ತಿರುಗಿಸಿದೆ.
ಮೀನಿನ ನೀರು ಇನ್ನೂ ಆರದ ತಗಡಿನ ಮೇಲೆ
ಬೋರಲು ಮಲಗಿದ, ಅರವತ್ತೆರಡರ ಮುದುಕ.
ಕನ್ನಡಿಯಲ್ಲಿ ನನಗೆ ಕಂಡದ್ದು ಅವನ ಎರಡು ಹಿಮ್ಮಡಿ.
ಮೊದಲ ಎಡ ತಿರುವಿಗೆ ತಗಡಿಗೊಂದು ಗುದ್ದು: ಕೇಳಿತು.
ಎರಡನೆಯದಕ್ಕೆ ಎರಡು: ನಿಧಾನ.
ಮೂರನೆಯದಕ್ಕೆ ಏನೂ ಇಲ್ಲ.
ಬಿದ್ದುಹೋದನೋ ಎಂದು ಬ್ರೇಕು ತುಳಿದೆ.
ಎದ್ದು ಕೂತಿದ್ದ, ಕೆನ್ನೆಗೆ ಬಂಗಡೆಯ ಪೊರೆ ಅಂಟಿಸಿಕೊಂಡು.
ಸಿಮೆಂಟು ನೆಲಕ್ಕೆ ಮೂವತ್ತು ವರ್ಷ ಬಿದ್ದೂ ಬಿದ್ದೂ
ಪರಿಚಯವಾದ ಟಣ್ ಅದು.
ನನಗೆ ಹೇಗೆ ಗೊತ್ತಾಗಬೇಕು?

ಚಾಸಿಯ ತೊಲೆಯೊಳಗೆ ಮೊಣಕೈವರೆಗೆ ತೋಳು ತೂರಿಸಿ
ಕೆಸರು, ತುಕ್ಕು, ಒಣ ಸಿಗಡಿಯ ಮೀಸೆಯ ನಡುವಿನಿಂದ
ಎಳೆದು ತೆಗೆದ:
ಹದಿನಾಲ್ಕು-ಹದಿನೈದರ ಪಾನಾ,
ಕುತ್ತಿಗೆಗೆ ಅವನೇ ಬಳಿದ ಕೆಂಪು ಬಣ್ಣದ ಪಟ್ಟೆ.

ಮೇ ತಿಂಗಳು. ಸೈಲೆನ್ಸರಿನ ಕ್ಲಾಂಪು.
ಅವತ್ತು ಗಾಡಿಯಡಿ ಮಲಗಿದ್ದವನು ಇವನೇ.
ಬೊಮ್ಮು ಟಾರ್ಚು ಹಿಡಿದು ಆಚೆ ನಿಂತಿದ್ದ.
ಮರುದಿನ ಗಿರಾಕಿಗಳ ಮುಂದೆ ಆ ಹುಡುಗನ ಚೀಲ ಕೊಡವಿದ್ದರು:
ಬುತ್ತಿಯ ಡಬ್ಬಿ, ಬಾಚಣಿಗೆ, ಒಂದು ಹರಿದ ಟ್ಯೂಬಿನ ತುಂಡು.
ಪಾನಾ ಸಿಗಲಿಲ್ಲ. ಮಾರಿ ತಿಂದ ಅಂತಾಯಿತು.
ನಾನೂ ಇದ್ದೆ, ಟಾಯರಿನ ಮೇಲೆ ಕೂತು ಚಾ ಕುಡಿಯುತ್ತ.
"ಈಗಿನ ಹುಡುಗರು" ಅಂದಿದ್ದೆ.
ಅದನ್ನು ಯಾರೂ ಕೇಳಿರಲಿಕ್ಕಿಲ್ಲ ಅಂದುಕೊಂಡಿದ್ದೆ ಇಷ್ಟು ದಿನ.

ಮುಂದೆ ಬಂದು ಕೂತ. ಒಂದರ ಮೇಲೊಂದು ಎಡ ತಿರುವು;
ಎಲ್ಲವೂ ಸುಮ್ಮನೆ ದಾಟಿದವು.
ತೊಡೆಯ ಮೇಲೆ ಪಾನಾ. ಅಂಗಿಯ ಚುಂಗಿನಿಂದ ಒರೆಸುತ್ತಿದ್ದ.
ಬಾಳೇಗುಳಿ ಬಂತು. ಇಳಿಯಲಿಲ್ಲ.
"ಹಿರೇಗುತ್ತಿಯಲ್ಲಿ ಪಂಕ್ಚರ್ ಹಾಕ್ತಾನಂತೆ" ಅಂದೆ.
"ಡೀಸೆಲ್ಲು ನಂದು" ಅಂದ.
ಗಂಗಾವಳಿಯ ಸೇತುವೆ ಕಳೆಯಿತು. ಮತ್ತೆ ಮಾತಿಲ್ಲ.

ಲಾರಿಯ ಚಕ್ರದ ಮುಂದೆ ಕುಕ್ಕುರುಗಾಲಲ್ಲಿ ಬೊಮ್ಮು,
ಬೆನ್ನು ನಮ್ಮ ಕಡೆ.
ಇಂಜಿನ್ನು ಆರಿಸಲು ಮರೆತು ನಿಂತೆ.
ಮೇಸ್ತನ ಕೈ ಬಾಗಿಲ ಹಿಡಿಕೆಯ ಮೇಲಿತ್ತು,
ಅಲ್ಲೇ ಇತ್ತು.
ಹುಡುಗ ಸುತ್ತಿಗೆ ನಿಲ್ಲಿಸಿದ, ತಲೆ ಎತ್ತಲಿಲ್ಲ,
ಒಂದು ಚಣ ಆಲಿಸಿದ.
"ಫ್ಯಾನ್ ಬೆಲ್ಟು ಸಡಿಲ" ಅಂದ.

ಅದು ನನಗೂ ಕೇಳಿಸಿರಲಿಲ್ಲ,
ಇವನಿಗೂ.