ಎಡಗಾಲಿನ ಪೆಡಲು

ಬೆಟಗೇರಿಯ ರೈಲ್ವೆ ಗೇಟಿನಾಚೆ
ಮಕ್ತುಮಸಾಬರ ಗುಜರಿ ಅಂಗಡಿ.
ಯಾವುದಕ್ಕೂ ಚೀಟಿಯಿಲ್ಲ.

ಲ್ಯಾಬಿನಲ್ಲಿ ಮೇಡಂ ಬರೆಸಿದ್ದರು:
ವಸ್ತುವಿನ ಬಗೆ ಅಂದರೆ ಅದು ಹುಟ್ಟಿಬಂದ ಕ್ಲಾಸು.
ಬರೆದುಕೊಂಡು, ಕೆಳಗೊಂದು ಗೆರೆ ಎಳೆದು,
ಸೈಕಲ್ಲು ತಳ್ಳುತ್ತ ಇಲ್ಲಿಗೆ ಬಂದೆ.

"ಇದು ಯಾವ ಕಂಪನೀದು, ಚಾಚಾ?"
ಅವರು ತಲೆ ಎತ್ತಲಿಲ್ಲ.
ತುಕ್ಕಿನ ರಾಶಿಯಿಂದ ಒಂದನ್ನು ಹೆಕ್ಕಿ
ಉಲ್ಟಾ ತಿರುವಿದರು, ಎಡಗಡೆಯದು ಹಾಗೇ.
"ತಿರುವಿದ್ರ ಕಚ್ಚತೈತೇನು,
ತುಳದ್ರ ತಿರಗತೈತೇನು, ಇಷ್ಟ ಕೇಳು.
ಅದರಪ್ಪನ ಹೆಸರ ಯಾಕ?"

ನಾಳೆ ಪರೀಕ್ಷೆಯ ಅರ್ಜಿ ತುಂಬಬೇಕು.
ಹೆಸರು, ತಂದೆ, ಜಾತಿ, ಉಪಜಾತಿ.
ತುಳಿದರೆ ಏನನ್ನುತ್ತೀ ಎಂದು
ಕೇಳುವ ಖಾನೆಯಿಲ್ಲ.

ಪೆಡಲು ಮಾತ್ರ
ಮನೆ ಮುಟ್ಟುವವರೆಗೂ
ತುಳಿದಾಗೊಮ್ಮೆ ಕಿರ್ರೆಂದು
ಓಗೊಟ್ಟಿತು.